ಯಂತ್ರ ಬರೆದ ದಿನಚರಿ



ಇತಿಹಾಸ ಬರೆಯಲು ಆಧಾರಗಳು ಬೇಕು ಎಂಬುದನ್ನು ನೀವು ಹೈಸ್ಕೂಲಿನಲ್ಲೇ ಓದಿದ್ದೀರಿ. ಶಿಲಾಶಾಸನ, ತಾಮ್ರಪಟ, ನಾಣ್ಯ, ಕಡತ, ಪ್ರವಾಸಿಗರ ಬರಹ ಇವೆಲ್ಲ ಇತಿಹಾಸಕಾರನ ಸಾಮಗ್ರಿ. ಶಾಸನವೊಂದು ಸಿಕ್ಕಿದರೆ ಆತ ಅದನ್ನು ಹಾಗೆಯೇ ನಂಬಿಬಿಡುವುದಿಲ್ಲ. ಇದನ್ನು ಬರೆಸಿದವರು ಯಾರು, ಬರೆದದ್ದು ಯಾವಾಗ, ಆಮೇಲೆ ಯಾರಾದರೂ ತಿದ್ದಿದ್ದಾರೆಯೇ, ಇದರಲ್ಲಿ ಹೇಳದೆ ಬಿಟ್ಟದ್ದೇನು ಎಂದು ಕೇಳುತ್ತಾನೆ.

ಕಳೆದ ಶತಮಾನದಲ್ಲಿ ಈ ಆಧಾರಗಳ ಸಾಲಿಗೆ ಹೊಸದೊಂದು ಸೇರಿತು. ಅದು ಯಂತ್ರ ತಾನೇ ಬರೆದುಕೊಂಡ ದಿನಚರಿ. ವಿದ್ಯುತ್ ಸ್ಥಾವರ, ತೈಲ ಶುದ್ಧೀಕರಣ ಕಾರ್ಖಾನೆ, ಹಾಲಿನ ಡೈರಿ, ರಕ್ತನಿಧಿ ಎಲ್ಲೇ ಹೋಗಿ, ಗೋಡೆಯ ಮೇಲೊಂದು ಪೆಟ್ಟಿಗೆ ಇರುತ್ತದೆ. ಹತ್ತಾರು ಕಡೆಗಳಿಂದ ಅದಕ್ಕೆ ತಂತಿಗಳು ಬಂದಿರುತ್ತವೆ. ಎಲ್ಲಿಯಾದರೂ ಉಷ್ಣತೆ ಅಥವಾ ಒತ್ತಡ ಮಿತಿ ಮೀರಿದರೆ ದೀಪ ಹೊತ್ತಿಕೊಳ್ಳುತ್ತದೆ, ಗಂಟೆ ಬಾರಿಸುತ್ತದೆ. ಜೊತೆಗೆ, ಗಂಟೆ ಬಾರಿಸಿದ್ದು ಯಾವಾಗ ಎಂಬುದನ್ನೂ ಪೆಟ್ಟಿಗೆ ಬರೆದಿಡುತ್ತದೆ. ಗಂಟೆ ಆ ಕ್ಷಣದ ಕೆಲಸಗಾರನಿಗಾಗಿ. ಬರಹ ಮುಂದೆ ಬರುವವರಿಗಾಗಿ. ಈ ಎರಡನೆಯ ಕೆಲಸದ ಬೆಲೆ ಜಗತ್ತಿಗೆ ತಿಳಿದದ್ದು ಹೇಗೆ ಎಂಬುದೇ ಈ ಲೇಖನದ ವಿಷಯ.

ಪೆನ್ಸಿಲಿನಿಂದ ಆರಂಭ

ಯಂತ್ರದ ಕೈಯಲ್ಲಿ ಬರೆಸುವ ಉಪಾಯ ಕಂಪ್ಯೂಟರಿಗಿಂತ ಬಹಳ ಹಳೆಯದು. 1796ರ ಸುಮಾರಿಗೆ ಜೇಮ್ಸ್ ವಾಟ್‌ನ ಸಹಾಯಕ ಜಾನ್ ಸದರ್ನ್ ಎಂಬಾತ ಉಗಿಯಂತ್ರದ ಒತ್ತಡ ಅಳೆಯುವ ಉಪಕರಣಕ್ಕೆ ಒಂದು ಪೆನ್ಸಿಲ್ ಕಟ್ಟಿದ. ಪಿಸ್ಟನ್ನಿನೊಂದಿಗೆ ಹಿಂದೆ ಮುಂದೆ ಸರಿಯುವ ಹಲಗೆಯ ಮೇಲೆ ಕಾಗದ ಹಚ್ಚಿದ. ಉಗಿಯ ಒತ್ತಡ ಏರಿದಂತೆ ಪೆನ್ಸಿಲ್ ಮೇಲೇರಿತು, ಇಳಿದಂತೆ ಕೆಳಗಿಳಿಯಿತು. ಕಾಗದದ ಮೇಲೆ ಮೂಡಿದ ವಕ್ರರೇಖೆ ಉರುಳೆಯ ಒಳಗೆ ನಡೆಯುವುದನ್ನೆಲ್ಲ ಹೊರಗೆ ತಂದು ತೋರಿಸಿತು. ಪಿ.ಯು.ಸಿ. ಭೌತಶಾಸ್ತ್ರದಲ್ಲಿ ನೀವು ಬರೆಯುವ ಒತ್ತಡ-ಗಾತ್ರದ ನಕ್ಷೆಗೆ ಇದೇ ಮೂಲ. ಇದರಿಂದ ಎಷ್ಟು ಲಾಭವಿತ್ತೆಂದರೆ ವಾಟ್‌ನ ಕಂಪನಿ ಈ ಉಪಾಯವನ್ನು ವರ್ಷಗಟ್ಟಲೆ ಗುಟ್ಟಾಗಿ ಇಟ್ಟುಕೊಂಡಿತ್ತು.

19ನೆಯ ಶತಮಾನದ ಕೊನೆಯ ಹೊತ್ತಿಗೆ ಗಡಿಯಾರದ ಯಂತ್ರದಿಂದ ತಿರುಗುವ ವೃತ್ತಾಕಾರದ ಕಾಗದ ಬಂತು. ಕಾಗದ 24 ಗಂಟೆಗೆ ಒಂದು ಸುತ್ತು ಹಾಕುತ್ತದೆ, ಶಾಯಿ ತುಂಬಿದ ಲೇಖನಿ ಅದರ ಮೇಲೆ ಗೆರೆ ಎಳೆಯುತ್ತದೆ. ರಾತ್ರಿ ಪಾಳಿಯವನು ತೂಕಡಿಸಿದರೂ ಲೇಖನಿ ತೂಕಡಿಸುವುದಿಲ್ಲ. ಬೆಳಿಗ್ಗೆ ಬಂದ ಎಂಜಿನಿಯರ್ ಕಾಗದ ತೆಗೆದು ನೋಡಿದರೆ ಎರಡು ಗಂಟೆ ರಾತ್ರಿಯಲ್ಲಿ ಬಾಯ್ಲರಿನ ಒತ್ತಡ ಎಷ್ಟಿತ್ತೆಂದು ಹೇಳಬಲ್ಲ. ಅಂಥ ಉಪಕರಣಗಳು ನಮ್ಮ ದೇಶದ ಹಳೆಯ ಕಾರ್ಖಾನೆಗಳಲ್ಲೂ ದಶಕಗಳ ಕಾಲ ಕೆಲಸ ಮಾಡಿವೆ.

ಎಚ್ಚರಿಕೆಯ ಫಲಕ ಬೆಳೆದದ್ದು ಬೇರೆ ದಾರಿಯಲ್ಲಿ. ನಿಯಂತ್ರಣ ಕೊಠಡಿಯ ಗೋಡೆಯಲ್ಲಿ ಸಾಲುಸಾಲಾಗಿ ಚಿಕ್ಕ ಗಾಜಿನ ಕಿಟಕಿಗಳು. ಪ್ರತಿಯೊಂದರ ಹಿಂದೆ ಒಂದು ದೀಪ, ಗಾಜಿನ ಮೇಲೆ ಒಂದು ಹೆಸರು. ಕಾರ್ಖಾನೆಯವರು ಇದನ್ನು ಅನನ್ಸಿಯೇಟರ್ ಎನ್ನುತ್ತಾರೆ. ತೊಂದರೆ ಬಂದಾಗ ಕಿಟಕಿ ಮಿನುಗುತ್ತದೆ, ಹಾರ್ನ್ ಕೂಗುತ್ತದೆ. ಕೆಲಸಗಾರ 'ನೋಡಿದೆ' ಎಂಬ ಗುಂಡಿ ಒತ್ತಿದರೆ ಕೂಗು ನಿಲ್ಲುತ್ತದೆ, ದೀಪ ಉಳಿಯುತ್ತದೆ. ತೊಂದರೆ ಸರಿಹೋದ ಮೇಲೆ ದೀಪವೂ ಆರುತ್ತದೆ. ಆದರೆ ಆರಿದ ದೀಪ ಯಾವ ಗುರುತನ್ನೂ ಬಿಟ್ಟುಹೋಗುವುದಿಲ್ಲ. ಮೊದಲು ಹೊತ್ತಿದ ದೀಪ ಯಾವುದು, ಅದರ ಹಿಂದೆಯೇ ಹೊತ್ತಿದ್ದು ಯಾವುದು ಎಂದು ನಾಳೆ ಕೇಳಿದರೆ ಉತ್ತರವಿಲ್ಲ. ಆದ್ದರಿಂದ 1960ರ ದಶಕದಲ್ಲಿ ಕಂಪ್ಯೂಟರುಗಳು ನಿಯಂತ್ರಣ ಕೊಠಡಿಗೆ ಬಂದಾಗ, ಎಚ್ಚರಿಕೆಗಳನ್ನು ಹೊತ್ತು ಹಾಕಿ ಒಂದೊಂದೇ ಸಾಲಾಗಿ ಕಾಗದದ ಮೇಲೆ ಮುದ್ರಿಸುವ ಕೆಲಸವನ್ನು ಅವುಗಳಿಗೆ ಒಪ್ಪಿಸಲಾಯಿತು. ಫಲಕ ಮತ್ತು ದಾಖಲೆ ಇಲ್ಲಿ ಒಂದಾದವು.

ಈ ಏರ್ಪಾಡಿಗೆ ದೊಡ್ಡ ಪರೀಕ್ಷೆ ಬಂದದ್ದು 1979ರಲ್ಲಿ.

ಮಾರ್ಚ್ 28ರ ನಸುಕು

ಅಮೆರಿಕದ ಪೆನ್ಸಿಲ್ವೇನಿಯ ರಾಜ್ಯದ ರಾಜಧಾನಿ ಹ್ಯಾರಿಸ್‌ಬರ್ಗ್. ಅದರ ಹತ್ತಿರ ಸಸ್ಕ್ವೆಹಾನಾ ನದಿಯ ನಡುವೆ ತ್ರೀ ಮೈಲ್ ಐಲೆಂಡ್ ಎಂಬ ದ್ವೀಪವಿದೆ. ಅಲ್ಲಿನ ಪರಮಾಣು ವಿದ್ಯುತ್ ಸ್ಥಾವರದ 2ನೆಯ ಘಟಕ ವಾಣಿಜ್ಯ ಉತ್ಪಾದನೆ ಆರಂಭಿಸಿ ಕೇವಲ ಮೂರು ತಿಂಗಳಾಗಿತ್ತು. 1979ರ ಮಾರ್ಚ್ 28, ಬೆಳಗಿನ ಜಾವ 4 ಗಂಟೆ. ಉಗಿ ತಯಾರಿಸುವ ಭಾಗಕ್ಕೆ ನೀರೊದಗಿಸುವ ಪಂಪುಗಳು ನಿಂತುಹೋದವು. ಟರ್ಬೈನು ನಿಂತಿತು. ರಿಯಾಕ್ಟರಿನ ನೀರಿನ ಒತ್ತಡ ಏರಿತು. ಒತ್ತಡ ಇಳಿಸಲೆಂದೇ ಇರುವ ಒಂದು ಕವಾಟ ತಾನಾಗಿ ತೆರೆಯಿತು. ಎಂಟು ಸೆಕೆಂಡುಗಳಲ್ಲಿ ರಿಯಾಕ್ಟರು ತಾನಾಗಿ ನಿಂತಿತು. ಇಷ್ಟರವರೆಗೆ ಎಲ್ಲವೂ ವಿನ್ಯಾಸದಂತೆಯೇ ನಡೆದಿತ್ತು.

ಒತ್ತಡ ಇಳಿದ ಮೇಲೆ ಕವಾಟ ಮುಚ್ಚಬೇಕಿತ್ತು, ಆದರೆ ಅದು ಮುಚ್ಚಲಿಲ್ಲ. ನಿಯಂತ್ರಣ ಫಲಕದ ದೀಪ ಮಾತ್ರ ಆರಿತು. ಆ ದೀಪಕ್ಕೆ ಸಂಬಂಧವಿದ್ದದ್ದು ಕವಾಟಕ್ಕೆ ಹೋಗುವ ವಿದ್ಯುತ್ ಆಜ್ಞೆಯ ಜೊತೆಗೆ. ಕವಾಟ ನಿಜವಾಗಿ ಎಲ್ಲಿದೆ ಎಂಬುದರ ಜೊತೆಗಲ್ಲ. 'ಮುಚ್ಚು' ಎಂದು ಹೇಳಿದೆ ಎಂಬುದನ್ನಷ್ಟೇ ದೀಪ ತಿಳಿಸುತ್ತಿತ್ತು. ಕೆಲಸಗಾರರು ಅದನ್ನು 'ಮುಚ್ಚಿದೆ' ಎಂದು ಓದಿಕೊಂಡರು. ತೆರೆದೇ ಉಳಿದ ಕವಾಟದಿಂದ ರಿಯಾಕ್ಟರಿನ ನೀರು ಹರಿದುಹೋಗುತ್ತಲೇ ಇತ್ತು. ಇನ್ನೊಂದು ಕವಾಟವನ್ನು ಮುಚ್ಚಿ ಆ ದಾರಿಯನ್ನು ಕಟ್ಟಿದ್ದು 6 ಗಂಟೆ 22 ನಿಮಿಷಕ್ಕೆ.

ಆ ಎರಡು ಗಂಟೆ 22 ನಿಮಿಷ ನಿಯಂತ್ರಣ ಕೊಠಡಿಯಲ್ಲಿ ಎಚ್ಚರಿಕೆಗಳಿಗೆ ಬರವಿರಲಿಲ್ಲ, ಅವು ಅತಿಯಾಗಿದ್ದವು. ಮೊದಲ ನಿಮಿಷಗಳಲ್ಲೇ ನೂರಕ್ಕಿಂತ ಹೆಚ್ಚು ಅಲಾರಂಗಳು ಬಂದವು. ಮುಖ್ಯವಾದದ್ದನ್ನು ಉಳಿಸಿ ಮಿಕ್ಕವನ್ನು ಸುಮ್ಮನಿರಿಸುವ ಯಾವ ವ್ಯವಸ್ಥೆಯೂ ಇರಲಿಲ್ಲ. ಮದುವೆ ಮನೆಯಲ್ಲಿ ನೂರು ಜನ ಒಟ್ಟಿಗೆ ನಿಮ್ಮ ಹೆಸರು ಹಿಡಿದು ಕರೆದರೆ ನೀವು ಯಾರ ಕಡೆ ತಿರುಗುತ್ತೀರಿ?

ಎಚ್ಚರಿಕೆಗಳನ್ನು ಮುದ್ರಿಸುತ್ತಿದ್ದ ಯಂತ್ರದ ಪಾಡಂತೂ ಇನ್ನೂ ಕಷ್ಟ. ಒಂದು ಸಾಲು ಮುದ್ರಿಸಿ ಮುಗಿಸುವಷ್ಟರಲ್ಲಿ ಹತ್ತು ಹೊಸ ಸಾಲುಗಳು ಸರದಿಯಲ್ಲಿ ನಿಲ್ಲುತ್ತಿದ್ದವು. ಒಂದು ಹಂತದಲ್ಲಿ ಮುದ್ರಣ ಘಟನೆಗಳಿಗಿಂತ ಎರಡೂವರೆ ಗಂಟೆಗೂ ಹೆಚ್ಚು ಹಿಂದೆ ಬಿದ್ದಿತ್ತು. ಅಂದರೆ ಕೆಲಸಗಾರ ಕಾಗದ ನೋಡಿದರೆ ಅವನಿಗೆ ಕಾಣುತ್ತಿದ್ದದ್ದು ಎಂದೋ ಕಳೆದುಹೋದ ಸ್ಥಿತಿ. ನಡುವೆ ಒಮ್ಮೆ ಮುದ್ರಕ ಸಿಕ್ಕಿಹಾಕಿಕೊಂಡು ಬೆಲೆಬಾಳುವ ಮಾಹಿತಿ ಕಳೆದೂಹೋಯಿತು.

ಪ್ರಶ್ನಾರ್ಥಕ ಚಿಹ್ನೆಗಳು

ಈಗ ಒಂದು ಸೂಕ್ಷ್ಮ ಸಂಗತಿಯನ್ನು ಗಮನಿಸಿ. ರಿಯಾಕ್ಟರಿನ ಒಡಲಲ್ಲಿ, ಇಂಧನದ ಮೇಲ್ಭಾಗದಲ್ಲಿ, ಉಷ್ಣತೆ ಅಳೆಯುವ ಥರ್ಮೊಕಪಲ್‌ಗಳಿದ್ದವು. ಅವು ಬಹಳ ಹೆಚ್ಚಿನ ಉಷ್ಣತೆಯನ್ನೂ ಅಳೆಯಬಲ್ಲವು. ಆದರೆ ಕಂಪ್ಯೂಟರಿನಲ್ಲಿ ಆ ವಾಹಿನಿಗಳಿಗೆ ಮೇಲ್ಮಿತಿಯೆಂದು 700 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಸುಮಾರು 370 ಡಿಗ್ರಿ ಸೆಲ್ಸಿಯಸ್, ನಿಗದಿ ಮಾಡಲಾಗಿತ್ತು. ಅದಕ್ಕಿಂತ ಹೆಚ್ಚಾದರೆ ಕಂಪ್ಯೂಟರು ಸಂಖ್ಯೆಯನ್ನು ಮುದ್ರಿಸುತ್ತಿರಲಿಲ್ಲ, ಪ್ರಶ್ನಾರ್ಥಕ ಚಿಹ್ನೆಯನ್ನು ಮುದ್ರಿಸುತ್ತಿತ್ತು. ರಿಯಾಕ್ಟರು ಸರಿಯಾಗಿ ಓಡುವಾಗ ಅಷ್ಟು ಉಷ್ಣತೆ ಬರುವುದೇ ಇಲ್ಲ. ಸಾಲದ ದಿನಕ್ಕೆಂದು ಯಾರೂ ಯೋಚಿಸಿರಲಿಲ್ಲ.

ಅಂದು ಬೆಳಿಗ್ಗೆ ಕಾಗದದ ತುಂಬ ಪ್ರಶ್ನಾರ್ಥಕ ಚಿಹ್ನೆಗಳು ಬಂದವು. ತಂತ್ರಜ್ಞರು ವೋಲ್ಟ್‌ಮೀಟರು ಹಿಡಿದು ತಂತಿಗಳ ತುದಿಯಲ್ಲೇ ನೇರವಾಗಿ ಅಳೆದರು. ಕೆಲವು ಅಳತೆಗಳು 1,000 ಡಿಗ್ರಿ ಸೆಲ್ಸಿಯಸ್ ದಾಟಿದ್ದವು. ಮಿಕ್ಕವು ತೀರ ಕಡಿಮೆ ಇದ್ದವು. ಇಷ್ಟೊಂದು ವ್ಯತ್ಯಾಸವಿರುವ ಅಳತೆಗಳನ್ನು ನಂಬಲಾಗದೆ ಮೇಲಿನವರು ಪಕ್ಕಕ್ಕಿಟ್ಟರು. ಸಂವೇದಕ ಸುಳ್ಳು ಹೇಳಿರಲಿಲ್ಲ, ತಂತಿ ತುಂಡಾಗಿರಲಿಲ್ಲ. ಯಾವಾಗಲೋ ಯಾರೋ ಕೂಡಿಸಿದ ಒಂದು ಮಿತಿಯ ಸಂಖ್ಯೆ ಸತ್ಯಕ್ಕೆ ಅಡ್ಡ ನಿಂತಿತ್ತು.

ಇದೇ ಸ್ಥಾವರದಲ್ಲಿ ಇನ್ನೊಂದು ಪ್ರಶ್ನೆಯೂ ಉಳಿಯಿತು. ತುರ್ತುಸ್ಥಿತಿಯಲ್ಲಿ ನೀರು ಕಳಿಸುವ ಪಂಪುಗಳು ಚಾಲೂ ಆಗಿದ್ದರೂ ಅವುಗಳ ದಾರಿಯ ಎರಡು ಕವಾಟಗಳು ಮುಚ್ಚಿದ್ದವು. ಒಬ್ಬ ಕೆಲಸಗಾರ ಅದನ್ನು ಕಂಡುಹಿಡಿದು ತೆರೆದದ್ದು ಎಂಟು ನಿಮಿಷದ ನಂತರ. ಎರಡು ದಿನಗಳ ಹಿಂದೆ ನಡೆದ ತಪಾಸಣೆಯಲ್ಲಿ ಅವನ್ನು ಮುಚ್ಚಲಾಗಿತ್ತು. ಮತ್ತೆ ತೆರೆಯಲಿಲ್ಲವೇ? ತೆರೆದ ಮೇಲೆ ಮತ್ತೆ ಯಾರಾದರೂ ಮುಚ್ಚಿದರೇ? ವಿಚಾರಣೆ ಎಷ್ಟು ನಡೆದರೂ ಇದಕ್ಕೆ ಖಚಿತ ಉತ್ತರ ಸಿಗಲಿಲ್ಲ. ಕವಾಟಗಳ ಸ್ಥಿತಿ ಬದಲಾದ ಹೊತ್ತನ್ನು ನಂಬುವಂತೆ ಹೇಳುವ ದಾಖಲೆ ಇರಲಿಲ್ಲ. ದಾಖಲೆ ಇಲ್ಲದ ಕಡೆ ಇತಿಹಾಸಕಾರ 'ಬಹುಶಃ' ಎಂದು ಬರೆಯಬೇಕಾಗುತ್ತದೆ. ಕೆಲಸಗಾರರ ಮರ್ಯಾದೆ ಆ 'ಬಹುಶಃ' ಎಂಬ ಪದದಲ್ಲಿ ಸಿಕ್ಕಿಕೊಂಡಿತು.

ತೆಗೆಯದೆ ಉಳಿದ ಯಂತ್ರ

ಹಾಗಾದರೆ ಆ ದಿನದ ಕಥೆ ಸೆಕೆಂಡುಗಳ ಲೆಕ್ಕದಲ್ಲಿ ನಮಗೆ ಇಂದು ತಿಳಿದಿರುವುದು ಹೇಗೆ? ಸ್ಥಾವರ ಕಟ್ಟಿದಾಗ ಆರಂಭದ ಪರೀಕ್ಷೆಗಳಿಗೆಂದು ರಿಯಾಕ್ಟರು ತಯಾರಿಸಿದ ಕಂಪನಿ ಅಲ್ಲೊಂದು ದಾಖಲೆ ಯಂತ್ರವನ್ನು ಜೋಡಿಸಿತ್ತು. ಅದರ ಹೆಸರು ರಿಯಾಕ್ಟಿಮೀಟರ್. ಒತ್ತಡ, ಉಷ್ಣತೆ, ನೀರಿನ ಮಟ್ಟ ಮುಂತಾದ 24 ವಾಹಿನಿಗಳ ಅಳತೆಯನ್ನು ಮೂರು ಸೆಕೆಂಡಿಗೊಮ್ಮೆ ಅದು ಆಯಸ್ಕಾಂತದ ಟೇಪಿನಲ್ಲಿ ಬರೆಯುತ್ತಿತ್ತು. ಅದಕ್ಕೆ ಗಂಟೆ ಇಲ್ಲ, ದೀಪ ಇಲ್ಲ. ಅದು ಯಾರನ್ನೂ ಎಚ್ಚರಿಸುತ್ತಿರಲಿಲ್ಲ. ಅಪಘಾತದ ದಿನ ಅದು ಇನ್ನೂ ಜೋಡಿಸಿಯೇ ಇತ್ತು. ಮುದ್ರಕ ಹಿಂದೆ ಬಿದ್ದು, ಸಿಕ್ಕಿಹಾಕಿಕೊಂಡು ಒದ್ದಾಡುತ್ತಿದ್ದಾಗ ಈ ಯಂತ್ರ ತನ್ನ ಪಾಡಿಗೆ ಬರೆಯುತ್ತಲೇ ಇತ್ತು. ಮುಂದೆ ತಜ್ಞರು ಘಟನೆಗಳ ಅನುಕ್ರಮವನ್ನು ಕಟ್ಟಲು ಈ ಟೇಪು ದೊಡ್ಡ ಆಧಾರವಾಯಿತು.

ದಾಖಲೆ ಇದ್ದರೂ ಓದುವವರಿಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೂ ಅದೇ ದಿನ ಉದಾಹರಣೆ ಸಿಗುತ್ತದೆ. ಮಧ್ಯಾಹ್ನ 1 ಗಂಟೆ 50 ನಿಮಿಷಕ್ಕೆ ರಿಯಾಕ್ಟರನ್ನು ಸುತ್ತಿರುವ ಕಟ್ಟಡದ ಒತ್ತಡವನ್ನು ಬರೆಯುವ ಲೇಖನಿ ಇದ್ದಕ್ಕಿದ್ದಂತೆ ಮೇಲಕ್ಕೆ ಜಿಗಿದು 28 ಪೌಂಡಿನ ಗೆರೆ ಮುಟ್ಟಿ ಕೆಳಗಿಳಿಯಿತು. ಕೊಠಡಿಯಲ್ಲಿದ್ದ ಕೆಲವರಿಗೆ ಧಡ್ ಎಂಬ ಸದ್ದೂ ಕೇಳಿಸಿತ್ತು. ಕಾದ ಲೋಹ ಮತ್ತು ಉಗಿ ಸೇರಿ ಹುಟ್ಟಿದ ಹೈಡ್ರೊಜನ್ ಅನಿಲ ಕಟ್ಟಡದೊಳಗೆ ಹೊತ್ತಿ ಉರಿದಿತ್ತು. ಆದರೆ ಆ ಚೂಪಾದ ಗೆರೆಯನ್ನು ವಿದ್ಯುತ್ ಉಪಕರಣದ ದೋಷವೆಂದು ಭಾವಿಸಲಾಯಿತು. ಅದರ ಅರ್ಥ ಎಲ್ಲರಿಗೂ ಮನವರಿಕೆಯಾಗುವಷ್ಟರಲ್ಲಿ ಒಂದು ದಿನಕ್ಕೂ ಹೆಚ್ಚು ಕಳೆದಿತ್ತು.

ಸುತ್ತಲಿನ ಜನರ ಸ್ಥಿತಿ ಹೇಗಿತ್ತೆಂದು ಊಹಿಸಿಕೊಳ್ಳಿ. ಒಬ್ಬ ಅಧಿಕಾರಿ ಒಂದು ಹೇಳಿದರೆ ಇನ್ನೊಬ್ಬರು ಇನ್ನೊಂದು ಹೇಳುತ್ತಿದ್ದರು. ಮಾರ್ಚ್ 30ರಂದು ಗರ್ಭಿಣಿಯರು ಮತ್ತು ಚಿಕ್ಕ ಮಕ್ಕಳು ಐದು ಮೈಲಿ ವ್ಯಾಪ್ತಿಯಿಂದ ಹೊರಗೆ ಹೋಗುವುದು ಒಳ್ಳೆಯದೆಂದು ರಾಜ್ಯಪಾಲರು ಸಲಹೆ ಕೊಟ್ಟರು. ಲಕ್ಷಕ್ಕೂ ಹೆಚ್ಚು ಜನ ಮನೆ ಬಿಟ್ಟು ಹೊರಟರು. ಹೊರಗೆ ಸೋರಿದ ವಿಕಿರಣ ಕಡಿಮೆಯಿತ್ತು ಎಂದು ಆಮೇಲೆ ಲೆಕ್ಕ ಹಾಕಲಾಯಿತು. ಆದರೆ ಆ ದಿನಗಳಲ್ಲಿ ಜನರಿಗೆ ಬೇಕಾಗಿದ್ದದ್ದು ಒಂದೇ ಪ್ರಶ್ನೆಗೆ ಉತ್ತರ: ಒಳಗೆ ನಿಜವಾಗಿ ಏನು ನಡೆಯಿತು? ಸ್ಥಾವರದವರ ಕೈಯಲ್ಲೇ ಅದು ಇರಲಿಲ್ಲ.

ರಾಷ್ಟ್ರಾಧ್ಯಕ್ಷ ಜಿಮ್ಮಿ ಕಾರ್ಟರ್ ನೇಮಿಸಿದ ವಿಚಾರಣಾ ಆಯೋಗಕ್ಕೆ ಗಣಿತಜ್ಞ ಜಾನ್ ಕೆಮೆನಿ ಅಧ್ಯಕ್ಷರಾಗಿದ್ದರು. ಕಂಪ್ಯೂಟರ್ ಕಲಿತವರಿಗೆ ಈ ಹೆಸರು ಗೊತ್ತಿರಬಹುದು. ಥಾಮಸ್ ಕರ್ಟ್ಸ್ ಜೊತೆಗೂಡಿ 1964ರಲ್ಲಿ ಬೇಸಿಕ್ ಭಾಷೆಯನ್ನು ರೂಪಿಸಿದವರು ಅವರೇ. 1979ರ ಅಕ್ಟೋಬರಿನಲ್ಲಿ ಆಯೋಗ ವರದಿ ಕೊಟ್ಟಿತು. ಕೆಲಸಗಾರರ ತಪ್ಪುಗಳನ್ನು ಅದು ಮುಚ್ಚಿಡಲಿಲ್ಲ. ಆದರೆ ತರಬೇತಿಯ ಕೊರತೆ, ಗೊಂದಲದ ಕಾರ್ಯವಿಧಾನ, ಮನುಷ್ಯನ ಕಣ್ಣು ಕಿವಿಗಳನ್ನು ಲೆಕ್ಕಕ್ಕೇ ತೆಗೆದುಕೊಳ್ಳದ ನಿಯಂತ್ರಣ ಕೊಠಡಿ ಇವೆಲ್ಲ ಅವರನ್ನು ಆ ಸ್ಥಿತಿಗೆ ತಳ್ಳಿದವು ಎಂದೂ ಸ್ಪಷ್ಟವಾಗಿ ಹೇಳಿತು. ದಾಖಲೆಗಳಿಲ್ಲದೆ ಇಂಥ ತೀರ್ಪು ಸಾಧ್ಯವಿರಲಿಲ್ಲ. ದಾಖಲೆ ಇಲ್ಲದಿದ್ದರೆ ತಪ್ಪೆಲ್ಲ ರಾತ್ರಿ ಪಾಳಿಯಲ್ಲಿದ್ದ ನಾಲ್ಕು ಜನರ ತಲೆಗೆ ಕಟ್ಟಿ ಕಡತ ಮುಚ್ಚುವುದು ಬಹಳ ಸುಲಭ.

ನನ್ನ ವೃತ್ತಿಗೆ ಹತ್ತಿರವಾದ ಒಂದು ಸಂಗತಿಯನ್ನೂ ಹೇಳುತ್ತೇನೆ. ರಿಯಾಕ್ಟರಿನ ಒಳಗನ್ನು ಮನುಷ್ಯರು ಮೊದಲ ಬಾರಿಗೆ ಕಂಡದ್ದು 1982ರ ಜುಲೈಯಲ್ಲಿ, ಒಳಗೆ ಇಳಿಬಿಟ್ಟ ಒಂದು ಪುಟ್ಟ ಟೆಲಿವಿಷನ್ ಕ್ಯಾಮೆರಾದ ಮೂಲಕ. ಇಂಧನದ ಸರಳುಗಳು ನಿಂತಿರಬೇಕಾದ ಜಾಗದಲ್ಲಿ ಸುಮಾರು ಒಂದೂವರೆ ಮೀಟರ್ ಬರಿದಾಗಿತ್ತು, ಕೆಳಗೆ ಕಲ್ಲುರಾಶಿಯಂತೆ ಅವಶೇಷಗಳು ಬಿದ್ದಿದ್ದವು. ಇಂಧನದ ಸುಮಾರು ಅರ್ಧ ಭಾಗ ಕರಗಿತ್ತೆಂದು ಆಮೇಲಿನ ವರ್ಷಗಳಲ್ಲಿ ತಿಳಿಯಿತು. ಆ ಪ್ರಶ್ನಾರ್ಥಕ ಚಿಹ್ನೆಗಳು ಹೇಳಲು ಬಂದದ್ದು ಇದನ್ನೇ.

ಮೌನವೂ ಒಂದು ಎಚ್ಚರಿಕೆ

ಎಚ್ಚರಿಕೆಗಳ ಪ್ರವಾಹ ಒಂದು ಬಗೆಯ ಅಪಾಯ. 1994ರ ಜುಲೈ 24ರಂದು ಬ್ರಿಟನ್ನಿನ ಮಿಲ್‌ಫರ್ಡ್ ಹೇವನ್‌ನ ತೈಲ ಶುದ್ಧೀಕರಣ ಕಾರ್ಖಾನೆಯಲ್ಲಿ ಸ್ಫೋಟವಾಯಿತು. ಅದಕ್ಕೆ ಮುಂಚಿನ ಸುಮಾರು 11 ನಿಮಿಷಗಳಲ್ಲಿ ಇಬ್ಬರು ಕೆಲಸಗಾರರ ಮುಂದೆ ಬಂದ ಅಲಾರಂಗಳು 275. ಎರಡು ಮೂರು ಸೆಕೆಂಡಿಗೊಂದರಂತೆ ಬರುವ ಎಚ್ಚರಿಕೆಯನ್ನು ಯಾವ ಮನುಷ್ಯನೂ ಓದಿ ಅರ್ಥಮಾಡಿಕೊಳ್ಳಲಾರ.

ಇದಕ್ಕೆ ತದ್ವಿರುದ್ಧವಾದ ಅಪಾಯ 2003ರ ಆಗಸ್ಟ್ 14ರಂದು ಅಮೆರಿಕದ ಒಹಾಯೊ ರಾಜ್ಯದಲ್ಲಿ ಕಂಡಿತು. ಅಲ್ಲಿನ ಒಂದು ವಿದ್ಯುತ್ ಕಂಪನಿಯ ನಿಯಂತ್ರಣ ಕೊಠಡಿಯಲ್ಲಿ ಮಧ್ಯಾಹ್ನ 2 ಗಂಟೆ 14 ನಿಮಿಷದ ನಂತರ ಎಚ್ಚರಿಕೆಯ ತಂತ್ರಾಂಶ ಸ್ತಬ್ಧವಾಯಿತು. ಗಂಟೆ ಬಾರಿಸಲಿಲ್ಲ, ದಾಖಲೆಯೂ ಬೆಳೆಯಲಿಲ್ಲ. ತಂತ್ರಾಂಶ ಕೆಟ್ಟಿದೆ ಎಂದು ಹೇಳುವ ಗಂಟೆಯೂ ಇರಲಿಲ್ಲ. ಅಲ್ಲಿದ್ದವರು ಎಲ್ಲವೂ ಸರಿಯಿದೆ ಎಂದುಕೊಂಡರು. ಅದೇ ಹೊತ್ತಿನಲ್ಲಿ ಭಾರ ಹೊತ್ತು ಕಾದ ವಿದ್ಯುತ್ ತಂತಿಗಳು ಜೋತುಬಿದ್ದು, ಕತ್ತರಿಸದೆ ಬಿಟ್ಟ ಮರಗಳಿಗೆ ತಾಗಿ ಒಂದೊಂದಾಗಿ ಕಡಿದುಕೊಂಡವು.

ಆ ಕಂಪ್ಯೂಟರಿಗೆ ಬದಲಿ ಕಂಪ್ಯೂಟರು ಇರಲಿಲ್ಲವೇ ಎಂದು ನೀವು ಕೇಳಬಹುದು. ಇತ್ತು. 2 ಗಂಟೆ 41 ನಿಮಿಷಕ್ಕೆ ಮುಖ್ಯ ಕಂಪ್ಯೂಟರು ಕೈಕೊಟ್ಟಾಗ ಕೆಲಸವೆಲ್ಲ ತಾನಾಗಿ ಬದಲಿ ಕಂಪ್ಯೂಟರಿಗೆ ವರ್ಗವಾಯಿತು. ಸ್ತಬ್ಧವಾಗಿದ್ದ ತಂತ್ರಾಂಶವೂ ಅದೇ ಸ್ಥಿತಿಯಲ್ಲಿ ಅದರ ಜೊತೆಗೇ ಹೋಯಿತು. 13 ನಿಮಿಷಗಳಲ್ಲಿ ಬದಲಿಯೂ ಬಿತ್ತು. ರೋಗ ಹತ್ತಿದ ಸಸಿಯಿಂದಲೇ ಬೀಜ ತೆಗೆದಿಟ್ಟಂತಾಯಿತು. ಸಂಜೆ 4 ಗಂಟೆ ದಾಟಿದ ಕೆಲವೇ ನಿಮಿಷಗಳಲ್ಲಿ ಅಮೆರಿಕ ಮತ್ತು ಕೆನಡಾಗಳಲ್ಲಿ ಸುಮಾರು 5 ಕೋಟಿ ಜನರಿಗೆ ವಿದ್ಯುತ್ ಇಲ್ಲವಾಯಿತು.

ಎರಡೂ ದೇಶಗಳ ಜಂಟಿ ತನಿಖೆ 2004ರಲ್ಲಿ ಮುಗಿಯಿತು. ತನಿಖೆಗೆ ಕುಳಿತವರಿಗೆ ಒಂದು ವಿಚಿತ್ರ ಕಷ್ಟ ಎದುರಾಗಿತ್ತು. ಸಾವಿರಾರು ದಾಖಲೆಗಳಿದ್ದವು, ಆದರೆ ಅನೇಕ ಯಂತ್ರಗಳ ಗಡಿಯಾರಗಳು ಒಂದಕ್ಕೊಂದು ಹೊಂದುತ್ತಿರಲಿಲ್ಲ. ಸೆಕೆಂಡುಗಳಲ್ಲಿ ಮುಗಿದ ಘಟನೆಯಲ್ಲಿ ಯಾವುದು ಕಾರಣ, ಯಾವುದು ಪರಿಣಾಮ ಎಂದು ತೀರ್ಮಾನಿಸಲು ಮೊದಲು ಗಡಿಯಾರಗಳನ್ನು ಹೊಂದಿಸಬೇಕಾಯಿತು. ಎಲ್ಲ ದಾಖಲೆ ಯಂತ್ರಗಳೂ ಒಂದೇ ಕಾಲವನ್ನು ಅನುಸರಿಸಬೇಕು ಎಂಬುದು ಅವರ ಶಿಫಾರಸುಗಳಲ್ಲಿ ಒಂದು. ಕಾಲನಿರ್ಣಯವಾಗದ ಎರಡು ಶಾಸನಗಳಲ್ಲಿ ಯಾವುದು ಮೊದಲಿನದು ಎಂದು ಹೇಳಲಾಗದೆ ವಿದ್ವಾಂಸರು ಒದ್ದಾಡುವುದನ್ನು ನೀವು ಓದಿದ್ದೀರಲ್ಲವೆ? ಇದೂ ಅದೇ ಸಮಸ್ಯೆ.

ನಮ್ಮ ದೇಶದಲ್ಲಿ 2012ರ ಜುಲೈ 30 ಮತ್ತು 31ರಂದು ಸತತ ಎರಡು ದಿನ ವಿದ್ಯುತ್ ಜಾಲ ಕುಸಿಯಿತು. ಎರಡನೆಯ ದಿನ ಉತ್ತರ, ಪೂರ್ವ ಮತ್ತು ಈಶಾನ್ಯ ಜಾಲಗಳು ಒಟ್ಟಿಗೆ ಬಿದ್ದವು. ಕರ್ನಾಟಕ ಆಗ ಕತ್ತಲಾಗಲಿಲ್ಲ. ದಕ್ಷಿಣದ ಜಾಲ ಅಂದು ಮಿಕ್ಕ ಜಾಲಗಳೊಂದಿಗೆ ಒಂದೇ ಲಯದಲ್ಲಿ ಮಿಡಿಯುತ್ತಿರಲಿಲ್ಲ. ನೇರ ವಿದ್ಯುತ್ ಮಾರ್ಗಗಳ ಮೂಲಕ ಮಾತ್ರ ಕೂಡಿಕೊಂಡಿತ್ತು. 2013ರ ಡಿಸೆಂಬರ್ 31ರಂದು ರಾಯಚೂರು-ಸೊಲ್ಲಾಪುರ ಮಾರ್ಗದ ಮೂಲಕ ದಕ್ಷಿಣವೂ ರಾಷ್ಟ್ರೀಯ ಜಾಲದಲ್ಲಿ ಒಂದಾಯಿತು. ಅಂದಿನಿಂದ ಒಂದು ಮೂಲೆಯ ತೊಂದರೆ ಇನ್ನೊಂದು ಮೂಲೆಯನ್ನು ಮುಟ್ಟಬಹುದು. ಆದ್ದರಿಂದ ರಾಯಚೂರಿನ ಉಪಕೇಂದ್ರದ ಗಡಿಯಾರವೂ ದೂರದ ಉತ್ತರದ ಉಪಕೇಂದ್ರದ ಗಡಿಯಾರವೂ ಒಂದೇ ಹೊತ್ತು ತೋರಿಸಬೇಕಾದ ಅಗತ್ಯ ಹೆಚ್ಚಿತು.

ಪೆಟ್ಟಿಗೆಯೊಳಗಿನ ಎರಡು ನೆನಪುಗಳು

ಇನ್ನು ಇಂದಿನ ಪೆಟ್ಟಿಗೆಯನ್ನು ನೋಡೋಣ. ಎಂಟು, ಹದಿನಾರು ಅಥವಾ ಅದಕ್ಕೂ ಹೆಚ್ಚು ವಾಹಿನಿಗಳ ಈ ಉಪಕರಣವನ್ನು ನಮ್ಮ ಕಾರ್ಖಾನೆಗಳಲ್ಲಿ ಸ್ಕ್ಯಾನರ್ ಎಂದೋ ಡೇಟಾ ಲಾಗರ್ ಎಂದೋ ಕರೆಯುತ್ತಾರೆ. ಬಹಳ ಕಡೆ ಸಂವೇದಕದಿಂದ ಬರುವ ಸಂಕೇತ 4ರಿಂದ 20 ಮಿಲಿ ಆಂಪಿಯರ್ ವಿದ್ಯುತ್ ಪ್ರವಾಹ. ಸೊನ್ನೆಯಿಂದ ಏಕೆ ಶುರುಮಾಡಲಿಲ್ಲ? ಅಳತೆ ಅತಿ ಕಡಿಮೆ ಇದ್ದಾಗಲೂ 4 ಮಿಲಿ ಆಂಪಿಯರ್ ಹರಿಯುತ್ತಿರುತ್ತದೆ. ಪ್ರವಾಹ ಸೊನ್ನೆಯಾದರೆ ತಂತಿ ತುಂಡಾಗಿದೆ ಎಂದೇ ಅರ್ಥ. 'ಏನೂ ಇಲ್ಲ' ಎಂಬುದಕ್ಕೂ 'ಹೇಳುವವರೇ ಇಲ್ಲ' ಎಂಬುದಕ್ಕೂ ಇರುವ ವ್ಯತ್ಯಾಸ ಹೀಗೆ ಗೊತ್ತಾಗುತ್ತದೆ.

ಈ ಪೆಟ್ಟಿಗೆಗೆ ಎರಡು ಬಗೆಯ ನೆನಪು ಇರುತ್ತದೆ. ಮೊದಲನೆಯದು ಘಟನೆಗಳ ನೆನಪು. ನಿಗದಿಯಾದ ಹೊತ್ತಿಗೊಮ್ಮೆ ಎಲ್ಲ ಅಳತೆಗಳನ್ನೂ ಬರೆದುಕೊಳ್ಳುವುದು ಒಂದು ಕ್ರಮ. ಅಲಾರಂ ಬಂದದ್ದು, ಯಾರೋ ಗುಂಡಿ ಒತ್ತಿದ್ದು, ಅಲಾರಂ ಹೋದದ್ದು ಇವನ್ನು ಆಯಾ ಹೊತ್ತಿನೊಂದಿಗೆ ಬರೆಯುವುದು ಇನ್ನೊಂದು ಕ್ರಮ. ಎರಡೂ ಬೇಕು. ಆದರೆ ಜಾಗ ಮಿತವಾಗಿರುವುದರಿಂದ ತುಂಬಿದ ಮೇಲೆ ಸಾಮಾನ್ಯವಾಗಿ ಹೊಸ ದಾಖಲೆ ಅತಿ ಹಳೆಯದರ ಮೇಲೆ ಕೂರುತ್ತದೆ. ಸ್ಲೇಟಿನ ಕೊನೆಯ ಸಾಲು ಮುಗಿದಾಗ ಮೇಲಿನ ಸಾಲು ಒರೆಸಿ ಬರೆದಂತೆ. ಅವಘಡವಾದ ಕೂಡಲೇ ದಾಖಲೆಯನ್ನು ಹೊರಗೆ ತೆಗೆದಿಡಬೇಕು ಎನ್ನುವುದು ಇದಕ್ಕಾಗಿಯೇ. ತಡಮಾಡಿದರೆ ಯಂತ್ರ ತಾನಾಗಿಯೇ ಸಾಕ್ಷಿಯನ್ನು ಅಳಿಸುತ್ತದೆ.

ಎರಡನೆಯದು ಜೋಡಣೆಯ ನೆನಪು. ಯಾವ ವಾಹಿನಿಗೆ ಯಾವ ಹೆಸರು, ಅಳತೆಯ ಮಾನ ಯಾವುದು, ಎಷ್ಟು ದಾಟಿದರೆ ಗಂಟೆ, ಎಷ್ಟು ಸೆಕೆಂಡು ಕಾದು ಗಂಟೆ, ಎಷ್ಟು ಇಳಿದ ಮೇಲೆ ನಿಲುಗಡೆ ಇವೆಲ್ಲ ಅದರಲ್ಲಿರುತ್ತವೆ. ರಕ್ತನಿಧಿಯ ಶೀತಪೆಟ್ಟಿಗೆಯ ಉದಾಹರಣೆ ತೆಗೆದುಕೊಳ್ಳಿ. ರಕ್ತವನ್ನು 2ರಿಂದ 6 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಡಬೇಕು. ಮೇಲ್ಮಿತಿ 6 ಎಂದಿರಬೇಕಾದ ಕಡೆ 16 ಎಂದು ಕೂತರೆ, ಸಂವೇದಕ ಸರಿಯಾಗಿ ಅಳೆದರೂ ಗಂಟೆ ಬಾರಿಸುವುದಿಲ್ಲ. ಹಾರ್ನ್ ಕಿರಿಕಿರಿ ಮಾಡುತ್ತದೆಂದು ಮಿತಿಯನ್ನು ಒಂದು ಸಲ ಏರಿಸಿ, ಇಳಿಸಲು ಮರೆತರೂ ಇದೇ ಪಾಡು. ತ್ರೀ ಮೈಲ್ ಐಲೆಂಡಿನ 700 ಡಿಗ್ರಿಯ ಪಾಠ ಇಲ್ಲಿ ನೆನಪಿಗೆ ಬರಬೇಕು.

ಪೆಟ್ಟಿಗೆ ಕೆಟ್ಟು ಹೊಸದು ತಂದಾಗ ಈ ಎರಡನೆಯ ನೆನಪಿನ ಬೆಲೆ ತಿಳಿಯುತ್ತದೆ. ಹೊಸ ಪೆಟ್ಟಿಗೆ ತಯಾರಕರು ಹಾಕಿಕೊಟ್ಟ ಸಂಖ್ಯೆಗಳೊಂದಿಗೆ ಬರುತ್ತದೆ. ನಿಮ್ಮ ಡೈರಿ, ನಿಮ್ಮ ಆಸ್ಪತ್ರೆ, ನಿಮ್ಮ ಬಾಯ್ಲರು ಅದಕ್ಕೆ ಗೊತ್ತಿಲ್ಲ. ಹಳೆಯ ಜೋಡಣೆಯ ಪ್ರತಿ ಬೇರೆಡೆ ಇದ್ದರೆ ಕೆಲವೇ ನಿಮಿಷಗಳಲ್ಲಿ ತುಂಬಬಹುದು. ಇಲ್ಲದಿದ್ದರೆ ಹಳಬರ ಜ್ಞಾಪಕಶಕ್ತಿಯೇ ಗತಿ, ಆ ಹಳಬರು ನಿವೃತ್ತರಾಗಿರಲೂಬಹುದು. ಪ್ರತಿ ಮಾಡುವುದಕ್ಕೂ ಕ್ರಮವಿದೆ. ಪ್ರತಿಯನ್ನು ಅದೇ ಪೆಟ್ಟಿಗೆಯಲ್ಲಾಗಲಿ ಅದೇ ಕೊಠಡಿಯಲ್ಲಾಗಲಿ ಇಟ್ಟರೆ ಬೆಂಕಿ ಬಿದ್ದಾಗ ಎರಡೂ ಒಟ್ಟಿಗೆ ಹೋಗುತ್ತವೆ. ಪ್ರತಿಯ ಮೇಲೆ ದಿನಾಂಕ, ಮಾಡಿದವರ ಹೆಸರು, ಹಿಂದಿನದಕ್ಕಿಂತ ಏನು ಬದಲಾಗಿದೆ ಎಂಬ ಟಿಪ್ಪಣಿ ಇರಬೇಕು. ಹೊಸ ಪ್ರತಿ ಬಂತೆಂದು ಹಳೆಯದನ್ನು ಎಸೆಯಬಾರದು. ಒಹಾಯೊದಲ್ಲಿ ಆದಂತೆ ದೋಷವೂ ಹೊಸ ಪ್ರತಿಯೊಳಗೆ ನಕಲಾಗಿರಬಹುದು. ಎಲ್ಲಕ್ಕಿಂತ ಮುಖ್ಯವಾಗಿ, ಪ್ರತಿಯಿಂದ ಮತ್ತೆ ತುಂಬಿಸಿ ನೋಡಬೇಕು. ನಮ್ಮ ಟೆಲಿವಿಷನ್ ಕೇಂದ್ರಗಳಲ್ಲಿ ಟೇಪನ್ನು ನಕಲು ಮಾಡಿದ ಮೇಲೆ ಒಮ್ಮೆ ಓಡಿಸಿ ನೋಡದೆ ಯಾರೂ ಕಪಾಟಿಗೆ ಸೇರಿಸುತ್ತಿರಲಿಲ್ಲ. ಓಡಿಸಿ ನೋಡದ ಟೇಪಿನಲ್ಲಿ ಚಿತ್ರವಿದೆ ಎಂದು ಯಾರು ಹೇಳಬಲ್ಲರು?

ನೀವು ಕೇಳಬಹುದಾದ ಪ್ರಶ್ನೆಗಳು

ಯಂತ್ರದ ದಿನಚರಿ ಪಕ್ಷಪಾತವಿಲ್ಲದ ಸಾಕ್ಷಿ ಎಂದು ಹಲವರು ನಂಬುತ್ತಾರೆ. ಅದಕ್ಕೆ ಸಿಟ್ಟಿಲ್ಲ, ಸಂಕೋಚವಿಲ್ಲ, ಅಧಿಕಾರಿಯ ಭಯವಿಲ್ಲ, ಇದು ನಿಜ. ಆದರೆ ಏನನ್ನು ಅಳೆಯಬೇಕು, ಎಷ್ಟರವರೆಗೆ ಅಳೆಯಬೇಕು, ಎಷ್ಟು ಹೊತ್ತಿಗೊಮ್ಮೆ ಬರೆಯಬೇಕು, ಯಾವುದನ್ನು ಬಿಡಬೇಕು ಎಂದು ಅದಕ್ಕೆ ಹೇಳಿದವರು ಮನುಷ್ಯರೇ. ಆದ್ದರಿಂದ ಅದನ್ನೂ ಶಾಸನ ಓದುವ ಎಚ್ಚರದಿಂದಲೇ ಓದಬೇಕು. ಮುದ್ರಕದ ಪ್ರಶ್ನಾರ್ಥಕ ಚಿಹ್ನೆ, ರಿಯಾಕ್ಟಿಮೀಟರಿನ ಟೇಪು, ಲೇಖನಿಯ ಚೂಪು ಗೆರೆ, ತಂತ್ರಜ್ಞರ ವೋಲ್ಟ್‌ಮೀಟರು ಇವನ್ನು ಒಟ್ಟಿಗಿಟ್ಟು ಓದಿದ್ದರಿಂದಲೇ 1979ರ ಆ ಬೆಳಗಿನ ಚಿತ್ರ ಪೂರ್ಣವಾಯಿತು.

ನಿಮ್ಮ ಊರಿನಲ್ಲಿ ಹಾಲಿನ ಶೀತಲ ಕೇಂದ್ರವೋ, ರಕ್ತನಿಧಿಯೋ, ವಿದ್ಯುತ್ ಉಪಕೇಂದ್ರವೋ ಇರಬಹುದು. ಅಧ್ಯಾಪಕರ ಮೂಲಕ ಅನುಮತಿ ಪಡೆದು ಒಮ್ಮೆ ಹೋಗಿ ಬನ್ನಿ. ಅಲ್ಲಿನ ಎಚ್ಚರಿಕೆಯ ಪೆಟ್ಟಿಗೆಯನ್ನು ತೋರಿಸಲು ಕೇಳಿ. ಕಳೆದ ಬಾರಿ ಗಂಟೆ ಬಾರಿಸಿದ್ದು ಯಾವಾಗ, ಅದರ ದಾಖಲೆ ಎಷ್ಟು ದಿನ ಉಳಿಯುತ್ತದೆ? ಅದರ ಗಡಿಯಾರವನ್ನು ಸರಿಪಡಿಸಿದ್ದು ಯಾವಾಗ, ಯಾವುದನ್ನು ನೋಡಿ ಸರಿಪಡಿಸಿದರು? ಈ ಮಿತಿಗಳನ್ನು ಕೂಡಿಸಿದವರು ಯಾರು, ಅದರ ಪ್ರತಿ ಎಲ್ಲಿದೆ? ಉತ್ತರಗಳನ್ನು ದಿನಾಂಕ ಹಾಕಿ ನೋಟುಬುಕ್ಕಿನಲ್ಲಿ ಬರೆದುಕೊಳ್ಳಿ. ಮರುವರ್ಷ ನಿಮ್ಮ ನಂತರದ ತರಗತಿಯವರು ಹೋದಾಗ ಅದನ್ನೇ ಕೈಗೆ ಕೊಡಿ. ಏನು ಬದಲಾಗಿದೆ ಎಂದು ಹೋಲಿಸಿ ನೋಡಲು ಅವರಿಗೆ ಆಗ ಒಂದು ಆಧಾರವಿರುತ್ತದೆ.